ಎಂಟನೇ ದಿನದ ನೀರಿನ ಕ್ಯಾನು

ತಾಳ್ಮೆಯ ಬಗ್ಗೆ ಇನ್ನೊಬ್ಬರಿಗೆ ಹೇಳುವಷ್ಟು ಸುಲಭದ ಕೆಲಸ ಬೇರೊಂದಿಲ್ಲ. ನಿವೃತ್ತನಾಗುವವರೆಗೂ ಹೊಳಲ್ಕೆರೆ ಬಸ್ ನಿಲ್ದಾಣದ ಮೈಕಿನಲ್ಲಿ ನಾನು ಅದನ್ನೇ ಮಾಡಿದವನು: "ಹೊಸದುರ್ಗದ ಬಸ್ಸು ತಡವಾಗಿ ಬರಲಿದೆ, ಪ್ರಯಾಣಿಕರು ದಯವಿಟ್ಟು ತಾಳ್ಮೆಯಿಂದಿರಬೇಕು." ಇಷ್ಟು ಹೇಳಿ ಮೈಕು ಆರಿಸಿ, ಚಹಾ ತಣ್ಣಗಿದೆಯೆಂದು ಹೋಟೆಲಿನವನ ಮೇಲೆ ಹರಿಹಾಯುತ್ತಿದ್ದೆ.

ಈಗ ಬಿಪಿ ಏರಿದೆ. "ಸಿಟ್ಟು ಕಮ್ಮಿ ಮಾಡ್ಕಳ್ರಿ, ನಾಕು ಜನರ ಜೊತೆ ಬೆರೀರಿ" ಎಂದರು ಡಾಕ್ಟರು. ನನ್ನ ಹೆಂಡತಿ ಶಾರದ ಎರಡನ್ನೂ ಸೇರಿಸಿ, ದಿನಾ ಬೆಳಿಗ್ಗೆ ಕುಡಿಯುವ ನೀರಿನ ಘಟಕದಿಂದ ಕ್ಯಾನು ತುಂಬಿಸಿ ತರುವ ಕೆಲಸವನ್ನು ನನ್ನ ತಲೆಗೆ ಕಟ್ಟಿದಳು. ಎಂಟು ದಿನ ಯಾರ ಜೊತೆಗೂ ಜಗಳವಾಡದೆ ನೀರು ತಂದರೆ, ಅವಳು ನಿಲ್ಲಿಸಿಬಿಟ್ಟಿದ್ದ ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮತ್ತೆ ಶುರು. ಅದಕ್ಕಾಗಿ ನಾನು ಏನು ಬೇಕಾದರೂ ಸಹಿಸಬಲ್ಲೆ ಎಂದುಕೊಂಡಿದ್ದೆ.

ಆದರೆ ನಮ್ಮ ಬೀದಿಯ ಘಟಕದಲ್ಲಿ ಸಾಲಿನಲ್ಲಿ ನಿಲ್ಲುವುದು ಜನರಲ್ಲ, ಕ್ಯಾನುಗಳು. ಕ್ಯಾನು ಇಟ್ಟವರು ಮನೆಗೆ ಹೋಗಿ ತಿಂಡಿ ತಿಂದು ಬರುತ್ತಾರೆ. ಅಲ್ಲಿದ್ದವರು ಅದನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತಿರುತ್ತಾರೆ. ಇದ್ಯಾವ ನ್ಯಾಯ? ನಾನೊಬ್ಬನೇ ನನ್ನ ಕ್ಯಾನಿನ ಪಕ್ಕ ಹಲ್ಲು ಕಚ್ಚಿಕೊಂಡು ನಿಂತು ಏಳು ದಿನ ಕಳೆದೆ. ಮನೆಗೆ ಬಂದು ಶಾರದಳ ಮುಂದೆ ಕೂಗಾಡಿದ್ದು ಲೆಕ್ಕಕ್ಕಿಲ್ಲ.

ಎಂಟನೇ ದಿನ ಅವಳು ಸ್ನಾನಕ್ಕೆ ಹೋಗಿದ್ದಾಗ ಅಡುಗೆಮನೆಯಲ್ಲಿದ್ದ ಕ್ಯಾನು ಎತ್ತಿಕೊಂಡು ಹೊರಟೆ. ಅಲ್ಲಿ ನೋಡಿದರೆ, ಸಾಲಿನ ಮೊದಲಿಗೇ ಕೆಂಪು ಮುಚ್ಚಳದ ಕ್ಯಾನೊಂದು ಹೇಳುವವರು ಕೇಳುವವರಿಲ್ಲದೆ ಕುಳಿತಿದೆ! ನನಗೆ ತಡೆಯಲಾಗಲಿಲ್ಲ.

"ಯಾರ್ದ್ರಿ ಇದು?"

"ಸಾರ್, ಅದು..." ಎಂದರು ಬೀಗ ರಿಪೇರಿಯ ದಸ್ತಗೀರ್ ಸಾಬರು.

"ಯಾರ್ದಾದ್ರೂ ಆಗ್ಲಿ ಸಾಬ್ರೇ! ಮಂತ್ರಿದೇ ಆಗ್ಲಿ! ಮನುಷ್ಯ ಇಲ್ದಿದ್ರೆ ಕ್ಯಾನು ಹಿಂದಕ್ಕೆ!"

"ಒಂದ್ಮಾತು ಕೇಳ್ರಿ ಸಾರ್..."

"ಕೇಳಲ್ಲ!" ಎಂದವನೇ ಅದನ್ನೆತ್ತಿ ಸಾಲಿನ ಕೊನೆಗೆ ಒಯ್ದು ಕುಕ್ಕಿದೆ. ಗೆದ್ದವನ ಗತ್ತಿನಲ್ಲಿ ನನ್ನ ಕ್ಯಾನನ್ನು ಅದರ ಹಿಂದಿಟ್ಟೆ.

"ಈಗ ಹೇಳ್ಲಾ ಸಾರ್?" ಸಾಬರು ಮೆಲ್ಲಗೆ ಕೇಳಿದರು. "ಅದೂ ನಿಮ್ದೇ ಐತೆ. ಮುಚ್ಚಳ ಹೊಸ್ದು, ಅಷ್ಟೆ. ಅಕ್ಕಾರು ಬೆಳಕು ಹರಿಯೋ ಮುಂಚೇನೇ ಇಟ್ಟು ಹೋದ್ರು. ಇವತ್ತೊಂದಿನ ಅವ್ರು ಕಾಯೋದು ಬ್ಯಾಡ, ಜಗಳ ಆಡಿಬಿಡ್ತಾರೆ, ಒಸಿ ನೋಡ್ಕಳ್ಳಣ್ಣ ಅಂದ್ರು."

ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಹೋಗ್ಲಿ ಬಿಡ್ರಿ, ಮುಂದಕ್ಕೇ ಇಡಾಣ" ಎಂದವರೂ ಅವರೇ. ಹೇಗೆ ಒಪ್ಪಲಿ? ಕಾನೂನು ಮಾಡಿದವನು ನಾನೇ. ಒಂದೂವರೆ ಗಂಟೆ ಎರಡೆರಡು ಕ್ಯಾನು ತಳ್ಳುತ್ತಾ ನಿಂತೆ.

ಮನೆಗೆ ಬಂದಾಗ ಶಾರದ ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು. ಸಂಜೆ ತಟ್ಟೆಯಲ್ಲಿ ಮಂಡಕ್ಕಿ ಬಂತು. ಬಜ್ಜಿ ಇರಲಿಲ್ಲ.

"ಬಜ್ಜಿ ಎಲ್ಲೇ?" ಎಂದೆ.

ಒಳಗಿನಿಂದ, ಮೈಕಿನ ನನ್ನ ದನಿಯನ್ನೇ ಅಣಕಿಸುತ್ತಾ ಉತ್ತರ ಬಂತು: "ಬಜ್ಜಿ ಎಂಟು ದಿನ ತಡವಾಗಿ ಬರಲಿದೆ, ಪ್ರಯಾಣಿಕರು ದಯವಿಟ್ಟು ತಾಳ್ಮೆಯಿಂದಿರಬೇಕು."