ಸಣ್ಣ ಪಾದ್ರಿಯ ಎರಡು ಕೆಮ್ಮು

ಕೆಲವರಿಗೆ ನಶ್ಯದ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಇನ್ನೊಬ್ಬರ ದನಿಯ ಚಟ. ಯಾರಾದರೂ ನನ್ನೆದುರು ನಾಲ್ಕು ಮಾತಾಡಿ ಬೆನ್ನು ತಿರುಗಿಸಿದರೆ ಸಾಕು, ಅವರ ಮಾತು, ನಡಿಗೆ, ಮೂಗು ತಿಕ್ಕುವ ರೀತಿ ಎಲ್ಲವೂ ನನ್ನ ಮೈಮೇಲೆ ಬರುತ್ತವೆ. ಶಾಲೆಯಲ್ಲಿ ಉರ್ದು ಮಾಸ್ತರರ ಕೈಯಿಂದ ತಿಂದ ಪೆಟ್ಟುಗಳಲ್ಲಿ ಅರ್ಧ, ಅವರದೇ ದನಿಯಲ್ಲಿ “ತೋಬಾ, ತೋಬಾ” ಎಂದು ಬೇಡಿಕೊಂಡದ್ದಕ್ಕೆ ಬಿದ್ದವು. “ಈ ಚಟ ನಿನಗ ಅನ್ನ ಹಾಕೂದಿಲ್ಲ ನೋಡು” ಎಂದು ಅವ್ವ ಹೇಳುತ್ತಲೇ ಇದ್ದಳು. ಹಾಕಿತು. ಅದೂ ಲಿಂಗಸುಗೂರಿನ ಪಾದ್ರಿ ಬಂಗಲೆಯಲ್ಲಿ, ಸಾಹೇಬರಿಗೆ ಕನ್ನಡ ಕಲಿಸುವ ಮುನ್ಶಿ ಎಂಬ ಬಿರುದಿನ ಸಮೇತ.

ಹಡಗಿನಿಂದಿಳಿದು ನೇರ ಆ ಬಂಗಲೆಗೆ ಒಬ್ಬ ಸಣ್ಣ ಪಾದ್ರಿ ಬಂದಿದ್ದರು. ವಯಸ್ಸು ನನ್ನಷ್ಟೇ, ಎತ್ತರ ನನ್ನ ಒಂದೂವರೆಯಷ್ಟು. ಮಸ್ಕಿಯಲ್ಲಿ ದವಾಖಾನೆ ನಡೆಸಬೇಕೆಂಬುದು ಅವರ ಕನಸು. ಆದರೆ ಕನ್ನಡದ ಪರೀಕ್ಷೆ ಪಾಸಾಗದೆ ಬಂಗಲೆ ಬಿಟ್ಟು ಕದಲುವಂತಿಲ್ಲವೆಂದು ದೊಡ್ಡ ಪಾದ್ರಿಗಳ ಅಪ್ಪಣೆ. ಆಗಲೇ ಒಮ್ಮೆ ನಪಾಸಾಗಿದ್ದರು. ಇನ್ನೊಮ್ಮೆ ಆದರೆ ಬಂದ ಹಡಗಿನಲ್ಲೇ ವಾಪಸು. ತಪ್ಪು ಅವರದಲ್ಲ. ಮೊದಲಿನ ಪಂಡಿತರು ಹಳೆಯ ಕಾವ್ಯಗಳಿಂದಲೇ ಪಾಠ ಶುರುಮಾಡಿದ್ದರಿಂದ, ಬಾಯಾರಿದಾಗ ಇವರು ಅಡುಗೆಯ ಶಾಂತಮ್ಮನನ್ನು “ಎಲೌ ನಾರಿ, ಜಲವಂ ತಾ” ಎಂದು ಕೂಗುತ್ತಿದ್ದರು. “ಸಾಹೇಬ್ರು ನನಗ ಬೈಯಾಕತ್ತಾರೋ, ಮಂತ್ರಾ ಹಾಕಾಕತ್ತಾರೋ ತಿಳೀವಲ್ದು” ಎಂದು ಆಕೆ ನನ್ನಲ್ಲಿ ದೂರಿದಳು.

ನಾನು ಪುಸ್ತಕ ಮುಚ್ಚಿದೆ. ಮಾತು ಪುಸ್ತಕದಲ್ಲಿರುವುದಿಲ್ಲ, ಮಂದಿಯಲ್ಲಿರುತ್ತದೆ. ಮಂದಿಯೋ ನನ್ನ ಗಂಟಲಲ್ಲೇ ಇದ್ದರು. ದೊಡ್ಡವರೊಡನೆ ಮಾತಾಡುವುದನ್ನು ಕಲಿಸಲು ತಹಸೀಲು ಕಚೇರಿಯ ಪೇಶಕಾರರಾದೆ. ಚೌಕಾಸಿ ಕಲಿಸಲು ಕಿರಾಣಿ ಅಂಗಡಿಯ ಈರಣ್ಣಶೆಟ್ಟರಾದೆ. ಜಗಳ ಕಲಿಸಲು ಅವ್ವನಾದೆ. ಸಣ್ಣ ಪಾದ್ರಿಯ ಕಿವಿ ಎಂಥದ್ದೆಂದರೆ, ನಿನ್ನೆ ಸುರಿದದ್ದನ್ನು ಇವತ್ತು ಒಂದು ಹನಿ ಚೆಲ್ಲದೆ ಹಿಂದಿರುಗಿಸುವರು. ತೊಂದರೆ ಇದ್ದದ್ದು ಅಲ್ಲೇ. ಪೇಶಕಾರರಿಗೆ ದಮ್ಮು, ಎರಡು ಸಲ ಕೆಮ್ಮಿ, ಎದೆ ಸವರಿಕೊಂಡೇ ಬಾಯಿ ತೆರೆಯುವರು. ಶೆಟ್ಟರು ಎಡಗಣ್ಣು ಮುಚ್ಚಿ, ಮನುಷ್ಯನನ್ನೂ ತಕ್ಕಡಿಯ ಮುಳ್ಳಿನಂತೆ ನೋಡುವರು. ಸಣ್ಣ ಪಾದ್ರಿ ಇದನ್ನೆಲ್ಲ ಕನ್ನಡವೆಂದೇ ಕಲಿತಿದ್ದರು. ನನಗೆ ತಿಳಿದದ್ದು ಪರೀಕ್ಷೆಯ ದಿನ ಬೆಳಿಗ್ಗೆ, “ಮುನ್ಶಿ, ದೊಡ್ಡವರು ಬಂದಾಗ ಒಂದು ಸಲ ಕೆಮ್ಮಿದ್ರ ಸಾಕೇನ್ರಿ, ಎರಡು ಬೇಕೋ?” ಎಂದು ಅವರು ಕೇಳಿದಾಗ.

“ಸಾಹೇಬ್ರ, ಇವತ್ತೊಂದಿನ ಕೆಮ್ಮಬ್ಯಾಡ್ರಿ” ಎಂದೆ.

“ಹಿರೇರ ಮುಂದ ಮರ್ಯಾದಿ ಬಿಡು ಅಂತೀಯೇನೋ, ನಾಚಿಗಿ ಬರೂದಿಲ್ಲ ನಿನಗ?” ಎಂದು ಗದರಿದರು, ಅವ್ವನ ದನಿಯಲ್ಲಿ. ನಾನು ತಲೆ ತಗ್ಗಿಸಿದೆ, ರೂಢಿ.

ಮುದಗಲ್ಲಿನಿಂದ ದೊಡ್ಡ ಪಾದ್ರಿಗಳು ಬಂದರು. ಊರವರಿಗೆ ತಿಳಿಯುವ ಕನ್ನಡವೋ ಅಲ್ಲವೋ ಎಂದು ತೀರ್ಮಾನಿಸಲು ಊರಿನ ಇಬ್ಬರು ಪ್ರಮುಖರನ್ನೂ ಕರೆಸಿದ್ದರು. ಪೇಶಕಾರರು ಮತ್ತು ಈರಣ್ಣಶೆಟ್ಟರು. ನಾನು ಚಪ್ಪಲಿಯನ್ನು ಹೊರಮುಖವಾಗಿ ಬಿಟ್ಟು ಬಾಗಿಲ ಬಳಿ ಕುಳಿತೆ.

ಪೇಶಕಾರರು ಎರಡು ಸಲ ಕೆಮ್ಮಿದರು. “ಏನ್ ಪಾದ್ರಿ ಸಾಹೇಬ್ರ, ನಮ್ಮ ಸೀಮಿ ಹೆಂಗನಸ್ತದ?”

ಸಣ್ಣ ಪಾದ್ರಿ ಎರಡು ಸಲ ಕೆಮ್ಮಿ ಎದೆ ಸವರಿಕೊಂಡರು. “ಛಲೋ ಅದ ರೀ. ಬಿಸಲು ಒಂದೀಟು ಜಬರದಸ್ತಿ ಮಾಡ್ತದ, ಆದ್ರ ಮಂದಿ ಮನಸು ತಂಪದ.”

ಶೆಟ್ಟರು ಶಲ್ಯದಲ್ಲಿ ಮುಖ ಮುಚ್ಚಿಕೊಂಡರು, ಹೆಗಲು ಕುಣಿಯುತ್ತಿತ್ತು. ನಾನು ಒಂದು ಕಾಲನ್ನು ಚಪ್ಪಲಿಯೊಳಗಿಟ್ಟೆ. ಪೇಶಕಾರರು ಸಣ್ಣ ಪಾದ್ರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದೊಡ್ಡ ಪಾದ್ರಿಗಳತ್ತ ತಿರುಗಿದರು. “ಇಷ್ಟು ವರ್ಷ ನೌಕರಿ ಮಾಡೀನಿ, ಇಷ್ಟು ಅದಬು-ಮರ್ಯಾದಿಯಿಂದ ಮಾತಾಡೋರನ್ನ ನೋಡಿದ್ದಿಲ್ಲ. ಖಾನದಾನಿ ಮಾತು.”

ಮುಂದೆ ಶೆಟ್ಟರ ಸರದಿ. ಜೋಳ ಹೇಗೆ ಕೊಳ್ಳುತ್ತೀರೆಂದು ಕೇಳಿದರು. ಸಣ್ಣ ಪಾದ್ರಿ ಎಡಗಣ್ಣು ಮುಚ್ಚಿದರು. “ನಿಮ್ಮ ಚೀಲದಾಗ ಹಳ್ಳು-ಕಲ್ಲೆಷ್ಟು, ಜೋಳೆಷ್ಟು, ಮೊದಲ ಅದನ್ನ ಹೇಳ್ರಿ ಶೆಟ್ರ.” ಈಗ ಪೇಶಕಾರರು ನಕ್ಕ ರಭಸಕ್ಕೆ ಕೆಮ್ಮು ಎರಡಕ್ಕೆ ನಿಲ್ಲಲಿಲ್ಲ. ಶೆಟ್ಟರು ಮಾತ್ರ ಗಂಭೀರವಾಗಿ, “ಇವರು ವ್ಯಾಪಾರ ತಿಳದೋರು. ನಮ್ಮೋರೇ ಅದಾರ” ಎಂದರು. ನೆರೆಯವನ ದನಿ ಎಲ್ಲರಿಗೂ ಗುರುತು. ತನ್ನದು ಮಾತ್ರ ತನಗೆ ಅಪರಿಚಿತ. ನನ್ನಂಥವರನ್ನು ದೇವರು ಕಾಯುವುದು ಹೀಗೆ.

ಪಾಸಾಯಿತು. ಮಸ್ಕಿಯೂ ಸಿಕ್ಕಿತು. “ನಿಮಗ ಕಲಿಸಿದೋರು ಯಾರು?” ಎಂದು ದೊಡ್ಡ ಪಾದ್ರಿಗಳು ಕೇಳಿದರು. ಸಣ್ಣ ಪಾದ್ರಿ ಹೆಸರು ಹೇಳಲಿಲ್ಲ. ಇಲ್ಲದ ಶಲ್ಯವನ್ನು ಹೆಗಲಿನಿಂದ ಕೊಡವಿ, ನೆಲ ನೋಡುತ್ತ, “ನಂದೇನದ ರೀ ಇದರಾಗ, ಎಲ್ಲಾ ದೇವರ ದಯಾ” ಎಂದು, ಎಷ್ಟು ಮಂದಿಗೆ ಕೇಳಿಸಿತೆಂದು ಓರೆಗಣ್ಣಿನಿಂದ ನೋಡಿದರು. ಎಲ್ಲರೂ ನಗುತ್ತ ನಾನು ಕುಳಿತಿದ್ದ ಬಾಗಿಲ ಕಡೆ ತಿರುಗಿದರು. ಅಡುಗೆಮನೆಯಿಂದ ಶಾಂತಮ್ಮನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಯಾವನೋ ಜಂಭದವನನ್ನು, ನಾನು ಹೇಳಿಕೊಡದೆಯೇ ಎತ್ತಿಕೊಂಡು ಬಂದಿದ್ದರಲ್ಲ, ಶಿಷ್ಯನೆಂದರೆ ಹೀಗಿರಬೇಕು. ಹೊರಗೆ ಬಂದ ಮೇಲೆ “ಅಂವಾ ಯಾರ್ರಿ?” ಎಂದು ಕೇಳಿದೆ. ಅವರು ನನ್ನ ಬೆನ್ನು ತಟ್ಟಿದರು.

ಮೊನ್ನೆ ಸಿಂಧನೂರಿನ ಸಂತೆಯಲ್ಲಿ ಮಸ್ಕಿಯ ರೈತನೊಬ್ಬ ಸಿಕ್ಕಿದ್ದ. “ನಿಮ್ಮ ಪಾದ್ರಿ ಥೇಟ್ ನಮ್ಮೋರಂಗ ಮಾತಾಡ್ತಾರ. ಜಡ್ಡಿನವರಿಗಿಂತ ಜಾಸ್ತಿ ಅವರೇ ಕೆಮ್ಮತಾರ, ಅದೊಂದು ಬಿಟ್ರ ಬಂಗಾರದಂಥ ಮನಿಷ್ಯಾ. ಎಂಥಾ ಗುರುಗಳ್ರಿ ನೀವು” ಎಂದ. ಎದೆ ಉಬ್ಬಿತು. ಹೆಗಲ ಶಲ್ಯ ಕೊಡವಿದೆ. ನೆಲ ನೋಡುತ್ತ, “ನಂದೇನದ ರೀ ಇದರಾಗ, ಎಲ್ಲಾ ದೇವರ ದಯಾ” ಎಂದು, ಸುತ್ತಲಿದ್ದವರಿಗೆ ಕೇಳಿಸಿತೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿದೆ.

ರೈತ ನನ್ನನ್ನೇ ನೋಡುತ್ತಿದ್ದ. “ಅರೇ, ನಮ್ಮ ಪಾದ್ರಿ ಅವರಂಗ ಮಾಡಿ ತೋರಸ್ತೀರಲ್ರಿ. ಅವರೇ ಕಲಿಸಿದ್ರೇನು?” ಎಂದ.

ನಾನು ಎರಡು ಸಲ ಕೆಮ್ಮಿದೆ.