ಅಪ್ಪನ ಪಂಪ್ ಬಂದೂಕೂ ನಾನೂ

ಮನೆಯಲ್ಲಿ ಬಂದೂಕಿದೆ ಅಂದ ತಕ್ಷಣ ಜನ ನನ್ನನ್ನು ಭಾರಿ ಗಟ್ಟಿಗಿತ್ತಿ ಅಂದುಕೊಳ್ಳುತ್ತಾರೆ. ಅದು ನನ್ನ ಪಾಲಿಗೆ ಬಂದಾಗಿನಿಂದ ಏನಾದರೊಂದು ಪಜೀತಿ ಆಗುತ್ತಲೇ ಇದೆ. ಇದುವರೆಗೆ ಅದರಿಂದ ಯಾರಿಗೂ ಏಟು ಬಿದ್ದಿಲ್ಲ, ನನ್ನ ಮರ್ಯಾದೆಯೊಂದನ್ನು ಬಿಟ್ಟು.

ಪಾಲು

ಅಪ್ಪ ತೀರಿಕೊಂಡ ಮೇಲೆ ವಿಜಯನಗರದ ತಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅನ್ನಪೂರ್ಣೇಶ್ವರಿ ನಗರದ ಕಡೆ ಇನ್ನೂ ಹೊಲಗಳಿದ್ದಾಗ, ರಾಗಿಗೆ ನುಗ್ಗುವ ಹಂದಿಗಳನ್ನು ಓಡಿಸಲು ಅಪ್ಪ ತಂದಿದ್ದ ಬಂದೂಕು ಅದು. ಹೊಲ ಸೈಟಾಯಿತು, ಹಂದಿಗಳು ಎಲ್ಲಿಗೋ ಹೋದವು, ಅಪ್ಪ ಮಾತ್ರ ಬಂದೂಕು ಬಿಡಲಿಲ್ಲ. ಅವರು ಹೋದ ಮೇಲೆ ಅದನ್ನು ಬಂದೂಕಿನ ಅಂಗಡಿಯಲ್ಲಿ ಇಡಬೇಕಾಯಿತು. ಮನೆಯವರು ಯಾರಾದರೂ ಕಲಿತು ಲೈಸೆನ್ಸ್ ಮಾಡಿಸಿಕೊಂಡರೆ ಸರಿ, ಇಲ್ಲದಿದ್ದರೆ ಸರ್ಕಾರಕ್ಕೆ ಒಪ್ಪಿಸಬೇಕು.

ಬೆಳ್ಳಿ ಚೊಂಬಿಗೂ ಮುಖ ಊದಿಸಿಕೊಂಡಿದ್ದ ನಾವು ಬಂದೂಕಿನ ಮಾತು ಬಂದಾಗ ಮಹಾ ಉದಾರಿಗಳಾದೆವು. "ಅಕ್ಕಾ, ನೀನೇ ಅಲ್ವಾ ದೊಡ್ಡವಳು" ಎಂದ ತಮ್ಮ. ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅಮ್ಮ ಗೋಡೆ ಕಡೆ ತಿರುಗಿಕೊಂಡೇ ಹೇಳಿದರು. "ಅವರ ಕೈ ತಾಗಿ ತಾಗಿ ಆ ಮರ ನುಣ್ಣಗಾಗಿದೆ. ಹೋಗ್ಲಿ ಬಿಡಿ, ಕತ್ತರಿಸಿ ಗುಜರಿಗೆ ಹಾಕ್ತಾರಂತೆ."

"ನಾನು ಕಲೀತೀನಿ ಅಮ್ಮ" ಎಂದುಬಿಟ್ಟೆ.

ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಮೊದ್ಲು ಸ್ಕೂಟ್ರು ಕಲಿಯೇ" ಎಂದರು.

ಪಾಠ

ಕೆಂಗೇರಿ ಆಚೆ ತರಬೇತಿಗೆ ಹೋದೆ. ಕಲಿಸುವವರು ನನಗಿಂತ ಚಿಕ್ಕವರು, ಬಹಳ ತಾಳ್ಮೆಯ ಮನುಷ್ಯ. ಪಂಪ್ ಬಂದೂಕೆಂದರೆ ನಳಿಗೆಯ ಕೆಳಗೆ ಒಂದು ಮರದ ಹಿಡಿ. ಅದನ್ನು ಹಿಂದಕ್ಕೆ ಎಳೆದರೆ ಹೊಡೆದ ತೋಟಾ ಹೊರಗೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ. ಇಷ್ಟೇ ವಿದ್ಯೆ. ಆದರೆ ಬೇರೆಯವರ ಸಾಮಾನು ಮುರಿದೀತೆಂದು ನಾನು ಮೆಲ್ಲಗೆ ಎಳೆಯುತ್ತಿದ್ದೆ, ತೋಟಾ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತಿತ್ತು.

"ಪೂರ್ತಿ ಎಳೀರಿ ಮೇಡಂ, ಅದಕ್ಕೇನೂ ನೋವಾಗಲ್ಲ."

ಮತ್ತೆ ಎಳೆದೆ. ಮತ್ತೆ ಸಿಕ್ಕಿಕೊಂಡಿತು. ಇದು ಬರದಿದ್ದರೆ ಅಪ್ಪನ ಬಂದೂಕು ಗುಜರಿಗೇ ಎಂದು ನೆನೆದು ಕಣ್ಣು ತುಂಬಿ ಬಂತು.

"ಏನ್ ಕೆಲಸ ಮೇಡಂ ನಿಮ್ದು?"

"ಹೈಸ್ಕೂಲ್ ಟೀಚರು. ಒಂಬತ್ತನೇ ಕ್ಲಾಸಿಗೆ ಗಣಿತ."

"ಹೋಮ್‌ವರ್ಕ್ ಮಾಡ್ದೇ ಬಂದು ನಗ್ತಾ ನಿಂತಿರ್ತಾನಲ್ಲ ಒಬ್ಬ, ಅವನನ್ನ ನೆನೆಸ್ಕೊಳ್ಳಿ."

ನೆನೆಸಿಕೊಂಡೆ. ಹಿಡಿ ಕಟಾರನೆ ಹಿಂದಕ್ಕೆ ಬಂತು, ಖಾಲಿ ತೋಟಾ ಹಾರಿ ದೂರ ಬಿತ್ತು. ಆತ ಗಾಬರಿಯಾಗಿ ನನ್ನ ಮುಖ ನೋಡಿ, "ಸಾಕು ಮೇಡಂ. ಪಾಪ, ಆ ಹುಡುಗ" ಎಂದರು.

ಪೂಜೆ

ಲೈಸೆನ್ಸ್ ಬಂತು. ಬಂದೂಕು ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬಂತು. ಅಮ್ಮನೂ ಅದರ ಹಿಂದೆಯೇ ಬಂದು ನನ್ನ ಜೊತೆ ಉಳಿದರು. ಆಯುಧಪೂಜೆಯ ದಿನ ಬಂದೂಕನ್ನು ಒರೆಸಿ, ಖಾಲಿ ಇದೆಯೆಂದು ನೋಡಿ, ಅಮ್ಮನ ಮುಂದಿಟ್ಟು ಕೋಣೆಯಿಂದ ಹೂವು ತರಲು ಹೋದೆ. ಬರುವಷ್ಟರಲ್ಲಿ ಹಿಡಿಯಿಂದ ತುದಿಯವರೆಗೆ ಅರಿಶಿನ ಕುಂಕುಮ. ನಳಿಗೆಯ ಬಾಯಲ್ಲಿ ಊದಿನಕಡ್ಡಿ ಹೊಗೆಯಾಡುತ್ತಿದೆ.

"ಏನಮ್ಮ ಇದು!"

"ತೂತು ಸರಿಯಾಗಿದೆ ಕಣೇ, ನೆಟ್ಟಗೆ ನಿಲ್ಲುತ್ತೆ. ಒಳಗೂ ಒಂಚೂರು ಕುಂಕುಮ ಹಾಕಿದೀನಿ. ಹೊರಗೆ ಮಾತ್ರ ಪೂಜೆ ಮಾಡಿದ್ರೆ ಏನ್ ಬಂತು?"

ನಳಿಗೆಯೊಳಗಿನ ಎಣ್ಣೆಯ ಜೊತೆ ಸೇರಿ ಅದೆಲ್ಲ ಗೊಜ್ಜಾಯಿತು. ಬಂದೂಕು ಕೆಟ್ಟೇಹೋಯಿತೆಂದು ಹೆದರಿ ಅಂಗಡಿಗೆ ಒಯ್ದೆ. ಅಂಗಡಿಯವರು ನಳಿಗೆಯೊಳಗೆ ಬಿಳಿ ಬಟ್ಟೆ ತೂರಿಸಿ ಎಳೆದರು. ಕೆಂಪಗೆ, ಒದ್ದೆಯಾಗಿ ಬಂತು. ಅವರು ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಹೋಗಿ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು ಮೆಲ್ಲಗೆ ಕೇಳಿದರು.

"ಯಾರು ಮೇಡಂ? ಯಜಮಾನ್ರಾ?"

ವಿಚಾರಣೆ

ಪೂಜೆಯ ದಿನ ತಾಂಬೂಲಕ್ಕೆ ಬಂದಿದ್ದ ಕೆಳಮನೆಯ ಆಂಟಿ ನಳಿಗೆಯಿಂದ ಹೊಗೆ ಬರುವುದನ್ನು ನೋಡಿ ತಾಂಬೂಲ ಬಿಟ್ಟು ಓಡಿದ್ದರು. ಅವರ ದೂರಿನ ಫಲವಾಗಿ ಒಂದು ಭಾನುವಾರ ಮಧ್ಯಾಹ್ನ ಠಾಣೆಯಿಂದ ಸಬ್ ಇನ್ಸ್‌ಪೆಕ್ಟರ್ ಬಂದರು.

"ಇದನ್ನ ಸರಿಯಾಗಿ ನೋಡ್ಕೊಳ್ಳೋಕೆ ನಿಮಗೆ ಬರಲ್ಲ ಅನ್ನಿಸಿದ್ರೆ, ಲೈಸೆನ್ಸ್ ರದ್ದು ಮಾಡಿ ಅಂತ ಬರೀಬೇಕಾಗುತ್ತೆ ಮೇಡಂ" ಎಂದರು. ಅವರು ಅಮ್ಮನ ಕಡೆ ತಿರುಗಿದರು. "ನಿಮ್ಮ ಮಗಳಿಗೆ ಯಾರದಾದ್ರೂ ಭಯ ಇದೆಯಾ ಅಮ್ಮ?"

"ಇದೆ ಸಾರ್. ಹಲ್ಲೀದು" ಎಂದು ಹೇಳಿ ಅಮ್ಮ ಸಾರು ನೋಡಲು ಒಳಗೆ ಹೋದರು.

ನಾನು ಬೀರುವಿನ ಬೀಗ ತೆಗೆದು ಬಂದೂಕು ತಂದೆ. ಗೋಡೆಯ ಕಡೆ ತಿರುಗಿಸಿ ಹಿಡಿದು, ಖಾಲಿ ಇರುವುದನ್ನು ತೋರಿಸಿ, ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದೆ. ಚಕ್, ಚಕ್.

ಒಳಗಿಂದ ಅಮ್ಮನ ಧ್ವನಿ ಬಂತು. "ಆಯ್ತಾ ರೀ? ಎಣ್ಣೆ ಕೈ ತೊಳ್ಕೊಂಡು ಬನ್ನಿ. ಮುದ್ದೆ ಆರೋಗುತ್ತೆ."

ಅಪ್ಪ ಪ್ರತಿ ಭಾನುವಾರ ಬಂದೂಕು ಒರೆಸಿ ಎಣ್ಣೆ ಹಾಕಿ ಕೊನೆಗೊಮ್ಮೆ ಹೀಗೆ ಎಳೆದು ನೋಡುತ್ತಿದ್ದರು. ಆ ಸದ್ದಿಗೆ ಅಮ್ಮ ಊಟಕ್ಕೆ ಕರೆಯುತ್ತಿದ್ದರು. ಮದುವೆಯಾದಾಗಿನಿಂದ ಬಂದ ರೂಢಿ, ಬಾಯಿಗೆ ತಾನಾಗಿ ಬಂದುಬಿಟ್ಟಿತ್ತು. ಕರೆದಿದ್ದು ಯಾರನ್ನು ಎಂದು ಅವರಿಗೂ ಆಗಲೇ ಹೊಳೆದಿರಬೇಕು. ಅಡುಗೆಮನೆಯಲ್ಲಿ ಸೌಟಿನ ಸದ್ದೂ ನಿಂತುಹೋಯಿತು.

ಇನ್ಸ್‌ಪೆಕ್ಟರ್ ನನ್ನನ್ನು ನೋಡಿದರು. ಗೋಡೆಯ ಮೇಲಿನ ಅಪ್ಪನ ಹಾರ ಹಾಕಿದ ಫೋಟೋ ನೋಡಿದರು. ಟೋಪಿ ತೆಗೆದು ಟೀಪಾಯಿ ಮೇಲಿಟ್ಟು, "ಬಂದೆ ಅಮ್ಮ" ಎಂದು ಗಟ್ಟಿಯಾಗಿ ಕೂಗಿ, ಬಂದೂಕನ್ನು ಮುಟ್ಟಿಯೇ ಇರದ ಕೈಗಳನ್ನು ಸೋಪು ಹಾಕಿ ತೊಳೆದುಕೊಂಡು ಬಂದು ಊಟಕ್ಕೆ ಕೂತರು.

ಅಮ್ಮ ತಲೆ ಎತ್ತದೆ ಬಡಿಸಿದರು. ಮುದ್ದೆ ಮುರಿಯುತ್ತಾ ಇನ್ಸ್‌ಪೆಕ್ಟರ್, "ಬಂದೂಕು ಇಲ್ಲೇ ಇರ್ಲಿ ಅಂತ ಬರೀತೀನಮ್ಮ" ಎಂದರು.

ಅಮ್ಮ ಅವರ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟರು.

"ಒಂದೇ ಸಲ ನೋಡಿ ಹಂಗೆಲ್ಲಾ ಬರೀಬೇಡಪ್ಪ. ಮುಂದಿನ ಭಾನುವಾರನೂ ಬಂದು ನೋಡು."