ರೋಹಿಣಿಯ ಶಾಲೆಗೆ ಜೇನು ಬಂದ ಚಳಿಗಾಲ

ಚಿತ್ರಕಲೆ ಕಲಿಸುವವರಿಗೆ ಬಣ್ಣ ಅಂಟಿಕೊಂಡಷ್ಟೇ ಸಲೀಸಾಗಿ ಪೇಚಾಟವೂ ಅಂಟಿಕೊಳ್ಳುತ್ತದೆ. ನಮ್ಮ ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ಅವರ ವರ್ಗಾವಣೆಯ ಹಿಂದೆ ದೆಹಲಿಗೆ ಬಂದ ನಾನು ಅಲ್ಲಿನ ರೋಹಿಣಿ ಬಡಾವಣೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಡಂ ಆದೆ. ಆ ಕಡೆಗೆ ಮೆಟ್ರೋ ಆಗಷ್ಟೇ ಬಂದಿತ್ತು. ಆ ಚಳಿಗಾಲ ಪ್ರಿನ್ಸಿಪಾಲರು, "ಈ ಸಲ ಕಲಾ ಪ್ರದರ್ಶನಕ್ಕೆ ಜೇನುಹುಳವೇ ವಿಷಯ. ಮಕ್ಕಳು ಜೇನಿನ ಹಾಗೆ ದುಡಿಯಲಿ" ಎಂದರು. ಮಕ್ಕಳು ದುಡಿದರು. ಕಚ್ಚಿಸಿಕೊಂಡವಳು ನಾನು.

ಮದುಮಗ

ಮಕ್ಕಳು ಪುಸ್ತಕ ನೋಡಿಕೊಂಡು ಬರೆದ ಜೇನೆಲ್ಲ ನೊಣದ ಹಾಗೆ ಕಾಣುತ್ತಿದ್ದವು. ಸರಿ, ಏಳನೇ ತರಗತಿಯನ್ನು ಬಸ್ಸಿಗೆ ಹತ್ತಿಸಿ ಫರೀದಾಬಾದಿನ ಆಚೆ ಒಂದು ಸಾಸಿವೆ ಹೊಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬರು ಜೇನುಪೆಟ್ಟಿಗೆ ಇಟ್ಟಿದ್ದರು. ಅವರು ಮುಖದ ಮೇಲೆ ಬಲೆಯ ಪರದೆ ಇಳಿಬಿಟ್ಟುಕೊಂಡು ಬಂದದ್ದೇ ತಡ, ಒಂದು ಹುಡುಗಿ ಕೇಳಿದಳು: "ಅಂಕಲ್, ಇವತ್ತು ನಿಮ್ಮ ಮದುವೆನಾ?"

ಅಲ್ಲಿನ ಮದುಮಗನಿಗೆ ಮುಖ ಮುಚ್ಚುವ ಹಾಗೆ ಹೂವಿನ ಸರ ಇಳಿಬಿಟ್ಟು ಕುದುರೆ ಹತ್ತಿಸುತ್ತಾರಲ್ಲ, ಅವಳಿಗೆ ಅದು ನೆನಪಾಗಿತ್ತು.

"ಇಲ್ಲ ಬೇಟಿ," ಎಂದರು ಅವರು, "ಮದುವೆ ದಿನ ನನಗೆ ಇಷ್ಟು ಧೈರ್ಯ ಇರಲಿಲ್ಲ."

ಆಮೇಲೆ ಜೇನನ್ನು ಕೇಳುವವರೇ ಇಲ್ಲ. ಎಲ್ಲರೂ ಕೂತು ಅವರನ್ನೇ ಬರೆದರು. ಒಬ್ಬ ಮಾತ್ರ ಅವರನ್ನು ಕುದುರೆಯ ಮೇಲೆ ಕೂರಿಸಿದ್ದ.

"ಇಲ್ಲೆಲ್ಲಿಯೋ ಕುದುರೆ?" ಎಂದೆ.

"ಮೇಡಂ, ಮದುವೆ ಇಲ್ಲ ಅಂತ ಅವರು ಹೇಳುವ ಹೊತ್ತಿಗೆ ಕುದುರೆ ಬರೆದು ಮುಗಿದಿತ್ತು!"

ಊರಿನ ಜೇನು

ಅದೇ ಹೊಲದಲ್ಲಿ ಒಂದು ಹುಳ ನನ್ನ ಮೂಗಿಗೆ ಕಚ್ಚಿತು. ಮನೆಗೆ ಬರುವಷ್ಟರಲ್ಲಿ ಮೂಗು ಬದನೆಕಾಯಿ. ಅದೇ ವಾರ ಮೈಸೂರಿನಿಂದ ನಮ್ಮತ್ತೆ, ದೆಹಲಿಗೆ ಬರುವವರ ಕೈಯಲ್ಲಿ ಒಂದು ಬಾಟಲಿ ಜೇನು ಕಳಿಸಿದ್ದರು. ಸಂಜೆ ಅವರ ಫೋನು ಬಂತು. ಎತ್ತಿದವನು ನನ್ನ ಮಗ. ದೆಹಲಿಯಲ್ಲಿ ಬೆಳೆದವನು, ಕನ್ನಡ ಅರ್ಥವಾಗುತ್ತಿತ್ತು, ಆಡುವಾಗ ಮುಗ್ಗರಿಸುತ್ತಿದ್ದ.

"ಜೇನು ಹೇಗಿತ್ತು ಪುಟ್ಟಾ?"

"ಜೇನು ಬಹುತ್ ಗಂದಾ ಅಜ್ಜಿ, ತುಂಬಾ ಕೆಟ್ಟದು! ಮಮ್ಮೀ ಮೂಗು ಇಷ್ಟು ದೊಡ್ಡ ಆಯ್ತು!"

ಆ ಕಡೆಯಿಂದ ಬಂದ ದನಿ ನನಗೂ ಕೇಳಿಸಿತು: "ಅಯ್ಯೋ ಶಿವನೇ! ಆ ಅಂಗಡಿಯವನು ಕಲಬೆರಕೆ ಮಾಡ್ತಾನೆ ಅಂತ ನನಗೆ ಮೊದಲೇ ಅನುಮಾನ ಇತ್ತು!"

ನೈಜತೆ

ಎಂಟನೇ ತರಗತಿಯ ಒಬ್ಬ ರಟ್ಟಿನಲ್ಲಿ ಆರು ಮೂಲೆಯ ಕೋಣೆಗಳನ್ನು ಕತ್ತರಿಸಿ ಚೆಂದದ ಜೇನುಗೂಡು ಕಟ್ಟಿದ. ಗೋಂದು ಬೇಡ, ಎಲ್ಲ ಪ್ರಕೃತಿಯಿಂದಲೇ ಬರಬೇಕು ಎಂದು ಬೆಲ್ಲದ ಪಾಕದಲ್ಲಿ ಅಂಟಿಸಿದ. ಮರುದಿನ ನೋಡಿದರೆ ಗೂಡೆಲ್ಲ ಇರುವೆ. ಹುಡುಗ ಅಳುತ್ತಾನೇನೋ ಎಂದು ನಾನು ಪೊರಕೆ ತರಲು ಓಡಿದೆ. ಬರುವಷ್ಟರಲ್ಲಿ ಅವನು 'ಜೇನುಗೂಡು' ಎಂಬ ಚೀಟಿ ಕಿತ್ತು 'ಜೇನುಗೂಡಿನ ಮೇಲೆ ಶತ್ರುಗಳ ದಾಳಿ' ಎಂದು ಅಂಟಿಸಿದ್ದ.

ವಿಜ್ಞಾನದ ಸರ್ ಬಗ್ಗಿ ನೋಡಿದರು. ಬೆರಳಿಟ್ಟು ಮುಟ್ಟಿಯೂ ನೋಡಿದರು. "ಅಚ್ಛಾ, ಇರುವೆಗಳು ಬಹಳ ನೈಜವಾಗಿವೆ" ಎನ್ನುತ್ತ ಕೈ ಕೊಡವಿಕೊಂಡು ಹೋದರು.

ಹೊಗೆ

ಒಂಬತ್ತನೇ ತರಗತಿಯಲ್ಲಿ ಒಬ್ಬಳು ಮಾತೇ ಆಡದ ಹುಡುಗಿ. ಚಳಿಗಾಲದ ರಜೆ ಪೂರ್ತಿ ಕೂತು, ಪೇಪರ್ ನೆನೆಸಿ, ಅರೆದು, ಮೈದಾ ಅಂಟು ಕಲಸಿ, ದೊಡ್ಡದೊಂದು ಹೆಜ್ಜೇನು ಹುಟ್ಟು ಮಾಡಿದ್ದಳು. ಅದರ ಮೈತುಂಬ ಮಣ್ಣಿನಲ್ಲಿ ಮಾಡಿದ ಜೇನುಹುಳಗಳು. ಪ್ರದರ್ಶನದ ಹಿಂದಿನ ಸಂಜೆ ಗೇಟಿನ ಪಕ್ಕದ ಬೇವಿನ ಮರಕ್ಕೆ ಕಟ್ಟಿದೆವು. ಕಟ್ಟಿದ ನನಗೇ ಅದರ ಕೆಳಗೆ ನಿಲ್ಲಲು ಭಯ.

ಪ್ರದರ್ಶನದ ಬೆಳಿಗ್ಗೆ ಹೊಸ ಚೌಕೀದಾರ ಕೆಲಸಕ್ಕೆ ಬಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಮಕ್ಕಳು ಬರುವ ಜಾಗದಲ್ಲಿ ಹೆಜ್ಜೇನು! ಪಾಪ, ಒಣ ಎಲೆ ಗುಡ್ಡೆ ಹಾಕಿ ಕೆಳಗೆ ಹೊಗೆ ಹಾಕಿಬಿಟ್ಟ. ನಾನು ಕಿರುಚಿಕೊಂಡು ಓಡಿದೆ. ಹುಡುಗಿಯ ಕಣ್ಣಲ್ಲಿ ಆಗಲೇ ನೀರು. ಅಷ್ಟರಲ್ಲಿ ಮುಖ್ಯ ಅತಿಥಿಗಳ ಕಾರು ಒಳಗೆ ಬಂತು. ಹೌಜ್ ಖಾಸ್‌ನ ವಯಸ್ಸಾದ ಕಲಾವಿದರು ಅವರು.

ಇಳಿದವರು ಮರ ನೋಡಿ ನಿಂತೇಬಿಟ್ಟರು. ಹೊಗೆಯ ನಡುವೆ ಹುಟ್ಟು ಮೆಲ್ಲಗೆ ತೂಗುತ್ತಿತ್ತು.

"ವಾಹ್! ಹೊಗೆಯನ್ನೂ ಕಲೆಗೆ ಸೇರಿಸಿದ್ದೀರಿ! ಯಾರ ಕೆಲಸ ಇದು?"

ಪ್ರಿನ್ಸಿಪಾಲರು ಹುಡುಗಿಯನ್ನು ಮುಂದೆ ತಳ್ಳಿದರು. ಅವಳು ಕಣ್ಣೊರೆಸಿಕೊಂಡು ಮೆಲ್ಲಗೆ, "ಗೂಡು ನನ್ನದು ಸರ್, ಹೊಗೆ ಚೌಕೀದಾರ ಭಯ್ಯಾದು" ಎಂದಳು. ಅತಿಥಿಗಳು ಅಲ್ಲೇ ಮೊದಲ ಬಹುಮಾನ ಅಂತ ಸಾರಿದರು. ಹುಡುಗಿಯ ಕೈ ಕುಲುಕಿದರು, ಆಮೇಲೆ ಚೌಕೀದಾರನನ್ನೂ ಕರೆದು ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಆ ಹುಡುಗಿ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಚೌಕೀದಾರ ಮಾತ್ರ ನಗಲಿಲ್ಲ. ಮೇಲೊಮ್ಮೆ ನೋಡಿ, ಬೆವರೊರೆಸಿಕೊಂಡು, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"ಮೇಡಂ ಜೀ, ಚಪ್ಪಾಳೆ ನಿಲ್ಲಿಸೋಕೆ ಹೇಳಿ. ಒಂದು ಹುಳಾನೂ ಇನ್ನೂ ಎದ್ದಿಲ್ಲ!"